ಚಕ್ಕುಲಿಯೂ ಮುರಿಯಬಾರದು, ತಿಂಗಳ ಲೆಕ್ಕವೂ ಮುರಿಯಬಾರದು: ಚೌತಿ ಅಡುಗೆ ಮತ್ತು ಖರ್ಚಿನ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಚೌತಿ ಮುಗಿದ ವಾರ ನನಗೆ ಅದೇ ಮೂರು ದೂರು ಬರುತ್ತವೆ. ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಂಡಿತು. ಅತ್ರಾಸ (ಅಕ್ಕಿ ಹಿಟ್ಟು, ಬೆಲ್ಲದ ಕಜ್ಜಾಯ) ಕರಗಿ ಬಾಣಲೆಯ ತಳ ಸೇರಿತು. ಇಪ್ಪತ್ತನೇ ತಾರೀಕಿಗೇ ಕೈ ಖಾಲಿ. ಮೂರನ್ನೂ ಬೇರೆ ಬೇರೆ ಅಂತ ಹೇಳುತ್ತಾರೆ, ಆದರೆ ಕೂತು ಕೇಳಿದರೆ ಹೆಚ್ಚಿನ ಮನೆಯಲ್ಲಿ ಕಾರಣ ಒಂದೇ. ಕೆಲಸ ಹಿಂದುಮುಂದಾಗಿರುತ್ತದೆ. ಮೊದಲು ಪೇಟೆಗೆ ಹೋಗಿ ಚೀಲ ತುಂಬಿಸಿಕೊಂಡು ಬರುತ್ತಾರೆ, ಆಮೇಲೆ ಏನೇನು ಮಾಡೋದು ಅಂತ ಯೋಚಿಸುತ್ತಾರೆ, ಎಷ್ಟು ಜನ ಬರುತ್ತಾರೆ ಅನ್ನೋದು ಹಬ್ಬದ ಹಿಂದಿನ ರಾತ್ರಿ ಫೋನಿನಲ್ಲಿ ಗೊತ್ತಾಗುತ್ತದೆ.

ನನ್ನ ತವರು ಶಿರಸಿ ಸೀಮೆಯ ಹಳ್ಳಿ, ಈಗ ಇರುವುದು ಕಾರವಾರದ ಬಾಡಿಗೆ ಮನೆಯಲ್ಲಿ. ಘಟ್ಟದ ಮೇಲಿನ ಅಡುಗೆಯನ್ನು ಘಟ್ಟದ ಕೆಳಗಿನ ಹವೆಯಲ್ಲಿ ಮಾಡಿ ಸಾಕಷ್ಟು ಹಾಳು ಮಾಡಿದ್ದೇನೆ. ಹಾಗಾಗಿ ಕೆಳಗಿನ ಕ್ರಮವನ್ನು ದಯವಿಟ್ಟು ಕ್ರಮದಲ್ಲೇ ಮಾಡಿ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಗೆರೆ ಹಾಕಿದ ನೋಟ್‌ಬುಕ್. ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ. ಸಣ್ಣ ಕಣ್ಣಿನ ಜರಡಿ. ದಪ್ಪ ತಳದ ಬಾಣಲೆ. ಚಕ್ಕುಲಿ ಒತ್ತುವ ಒರಳು. ಎರಡು ಹತ್ತಿ ಬಟ್ಟೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಮತ್ತೆ ಖಾಲಿ ಡಬ್ಬ ಇನ್ನೊಂದು, ದುಡ್ಡಿಗೆ. ತೂಕದ ಯಂತ್ರ ಯಾಕೆ ಅಂತ ಕೇಳಬೇಡಿ, ಅಮ್ಮನ ಕೈ ಅಳತೆ ಅಮ್ಮನ ಕೈಗೆ ಮಾತ್ರ ಸರಿಯಾಗಿ ಬರುತ್ತದೆ.

ಹಂತ 1: ಹಬ್ಬದ ತಾರೀಕಿನ ಪಕ್ಕ ದುಡ್ಡು ಬರುವ ತಾರೀಕು ಬರೆಯಿರಿ (ಆರು ವಾರ ಮೊದಲು)

ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು. 2025ರಲ್ಲಿ ಆಗಸ್ಟ್ 27ಕ್ಕೆ. 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಸಂಬಳದ ಮನೆಗೆ ಇದು ಸಣ್ಣ ವಿಷಯ ಅಲ್ಲ. 7ನೇ ತಾರೀಕಾದರೆ ಸಂಬಳ ಬಿಸಿ ಇರುತ್ತದೆ, ಕೈ ಜಾರುತ್ತದೆ, ಉಳಿದ ಮೂರು ವಾರ ಒದ್ದಾಟ. 27 ಆದರೆ ಸಂಬಳ ಮುಗಿದಿರುತ್ತದೆ, ಸಾಲ ಶುರುವಾಗುತ್ತದೆ.

ತೋಟದ ಮನೆಯ ಕಷ್ಟ ಬೇರೆ. ಅಡಿಕೆ ಕೊಯ್ಲು ಶುರುವಾಗುವುದೇ ಮಳೆ ಮುಗಿದ ಮೇಲೆ. ಚೌತಿ ಬರುವ ಹೊತ್ತಿಗೆ ಹೋದ ವರ್ಷದ ಅಡಿಕೆ ದುಡ್ಡು ಗೊಬ್ಬರ, ಮದ್ದು ಹೊಡೆಯುವುದು, ಮಕ್ಕಳ ಫೀಸಿಗೆ ಹೋಗಿ ಆಗಿರುತ್ತದೆ. ಕರಾವಳಿಯ ಮೀನುಗಾರರ ಮನೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಆಗಸ್ಟ್‌ನಲ್ಲಿ ಆಗಷ್ಟೇ ದುಡ್ಡು ತಿರುಗಲು ಶುರುವಾಗಿರುತ್ತದೆ. ನಿಮ್ಮದು ಯಾವ ಮನೆ ಅಂತ ನೋಡಿಕೊಂಡು ದುಡ್ಡು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗೃಹಲಕ್ಷ್ಮಿಯ 2000 ರೂಪಾಯಿಯನ್ನೂ ಸೇರಿಸಿಕೊಳ್ಳಬಹುದು, ಆದರೆ ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಮಾತ್ರ.

ಹಂತ 2: ಹಬ್ಬದ ದುಡ್ಡನ್ನು ಮನೆ ಖರ್ಚಿನಿಂದ ಬೇರೆ ಮಾಡಿ

ವರ್ಷದ ಹಬ್ಬಗಳನ್ನೆಲ್ಲ ಒಟ್ಟಿಗೆ ಬರೆಯಿರಿ. ಉದಾಹರಣೆಗೆ ಚೌತಿಗೆ 6000, ನವರಾತ್ರಿಗೆ 1500, ದೀಪಾವಳಿಗೆ 7500, ಉಳಿದ ಚಿಲ್ಲರೆ ಹಬ್ಬಕ್ಕೆ 3000 ಅಂತ ಇಟ್ಟರೆ 18000 ಆಯಿತು. ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 1500. ನಮ್ಮ ಕಡೆ ದೀಪಾವಳಿಗೆ ದೊಡ್ಡ ಹಬ್ಬ ಅಂತಲೇ ಹೆಸರು, ಅದಕ್ಕೆ ಮೊತ್ತ ಜಾಸ್ತಿ ಇಟ್ಟಿದ್ದೇನೆ. ಶಿರಸಿಯವರು ಇನ್ನೊಂದು ಸಾಲು ಸೇರಿಸಬೇಕು: ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ. ಒಂಬತ್ತು ದಿನ ಮನೆ ತುಂಬ ನೆಂಟರು. ಅದನ್ನು 24ರಿಂದ ಭಾಗಿಸಿ.

ಈ ದುಡ್ಡನ್ನು ಎಲ್ಲಿ ಇಡುವುದು? ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಐದು ವರ್ಷದ್ದು, ಹಬ್ಬದ ಕೆಲಸಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ ಮಾಡಿ, ಚೌತಿಗೆ ಒಂದು ತಿಂಗಳು ಮೊದಲು ಮುಗಿಯುವ ಹಾಗೆ ಶುರು ಮಾಡಿ. ದಿನಗೂಲಿ ಅಥವಾ ಅಂಗಡಿ ವ್ಯಾಪಾರ ಇರುವವರಿಗೆ ಪಿಗ್ಮಿ (ದಿನದಿನವೂ ಸ್ವಲ್ಪ ಕಟ್ಟುವ ಠೇವಣಿ) ಒಳ್ಳೆಯದು, ಏಜೆಂಟ್ ಬಾಗಿಲಿಗೆ ಬಂದು ಕೇಳುವುದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅವಧಿಗೆ ಮೊದಲೇ ತೆಗೆದರೆ ಎಷ್ಟು ಕಡಿತ ಅಂತ ಮಾತ್ರ ಶುರುವಿನಲ್ಲೇ ಕೇಳಿಕೊಳ್ಳಿ.

ಈ ವರ್ಷಕ್ಕೆ ತಡವಾಗಿದ್ದರೆ? ಇದ್ದಷ್ಟನ್ನೇ ನಗದಾಗಿ ತೆಗೆದು ಡಬ್ಬಕ್ಕೆ ಹಾಕಿ, ಡಬ್ಬ ಖಾಲಿಯಾದ ದಿನ ಖರೀದಿ ನಿಲ್ಲಿಸಿ. ಯುಪಿಐಯಲ್ಲಿ ಕೊಡುವಾಗ ದುಡ್ಡು ಹೋದದ್ದು ಕೈಗೆ ಗೊತ್ತಾಗುವುದಿಲ್ಲ, ನೋಟು ಕೊಡುವಾಗ ಗೊತ್ತಾಗುತ್ತದೆ.

ಎಚ್ಚರಿಕೆಯ ಗುರುತುಗಳು: "ಖಾತೆಗೆ ಬರೆಸು, ಅಡಿಕೆ ಕೊಟ್ಟಾಗ ನೋಡೋಣ" ಅಂತ ಬಾಯಿಗೆ ಬರುವುದು. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ ಅಂಕಣ ನೋಡಿ ಸಮಾಧಾನ ಆಗುವುದು. ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರು ಪರ್ಸೆಂಟ್ ಅಂದರೂ ವರ್ಷಕ್ಕೆ 36 ಆಗುತ್ತದೆ. ಒಂದು ವರ್ಷ ನಾನು ತವರಿನಲ್ಲಿದ್ದಾಗ ಅಂಗಡಿಯ ಖಾತೆಗೆ ತುಪ್ಪ, ಗೋಡಂಬಿ, ಎಣ್ಣೆ ಅಂತ ನಾಲ್ಕು ಸಲ ಬರೆಸಿ ಬಂದಿದ್ದೆ. ಅಪ್ಪ ಅಡಿಕೆ ಮಾರಿ ಬಂದ ದಿನ ಆ ಬಾಕಿಯ ಕಡಿತದ ಚೀಟಿ ನೋಡಿ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಹಂತ 3: ತಲೆ ಎಣಿಸಿ, ಆಮೇಲೆ ತಿಂಡಿ ಎಣಿಸಿ (ಮೂರು ವಾರ ಮೊದಲು)

ಹಬ್ಬದ ದಿನ ಊಟಕ್ಕೆ ಎಷ್ಟು ಎಲೆ, ಗಣಪತಿ ನೋಡಲು ಬಂದು ಹೋಗುವವರು ಎಷ್ಟು, ಕಟ್ಟಿ ಕಳಿಸಬೇಕಾದ ಮನೆ ಎಷ್ಟು. ಮೂರು ಅಂಕಿ. ಇದನ್ನು ಬರೆಯದೆ ತಿಂಡಿ ನಿರ್ಧಾರ ಮಾಡಬೇಡಿ.

ಒಂದು ಕೆ.ಜಿ. ಅಕ್ಕಿ, ಕಾಲು ಕೆ.ಜಿ. ಉದ್ದಿನ ಬೇಳೆಯ ಹಿಟ್ಟಿಗೆ ಮಧ್ಯಮ ಗಾತ್ರದ 70–80 ಚಕ್ಕುಲಿ ಬರುತ್ತದೆ. ನಾಲ್ಕು ಜನರ ಮನೆಗೆ, ಹತ್ತಿಪ್ಪತ್ತು ಜನ ಬಂದು ಹೋಗುವುದಾದರೆ, ಇದು ಸಾಕು. ಹಳ್ಳಿಯಲ್ಲಿ ಚಕ್ಕುಲಿ ಕಂಬಳ ಮಾಡಿ ಅಕ್ಕಪಕ್ಕದವರೆಲ್ಲ ಕೂತು ಡಬ್ಬಗಟ್ಟಲೆ ಕೈ ಚಕ್ಕುಲಿ ಸುತ್ತುತ್ತಾರೆ, ಆ ಲೆಕ್ಕವನ್ನು ಕಾರವಾರದ ಎರಡು ಕೋಣೆಯ ಮನೆಗೆ ತರಬೇಡಿ.

ಕರಿದದ್ದು ಎರಡು, ಹಬ್ಬದ ದಿನದ್ದು ಎರಡು, ಇಷ್ಟೇ ಇಡಿ. ಚಕ್ಕುಲಿ ಮತ್ತು ಅತ್ರಾಸ, ಇಲ್ಲವೇ ಚಕ್ಕುಲಿ ಮತ್ತು ಕರ್ಜಿಕಾಯಿ (ಕರಾವಳಿಯ ಕೊಂಕಣಿ ಮನೆಯಲ್ಲಿ ನೇವ್ರಿ ಅನ್ನುತ್ತಾರೆ). ಹಬ್ಬದ ದಿನಕ್ಕೆ ಪಂಚಕಜ್ಜಾಯ ಮತ್ತು ಕಡುಬು ಅಥವಾ ಮೋದಕ. ಐದನೆಯ ತಿಂಡಿಗೆ ಆಸೆಯಾಗುತ್ತದೆ, ಅಲ್ವಾ? ಅದಕ್ಕೇ ಜಾಸ್ತಿ ಎಣ್ಣೆ ಪ್ಯಾಕೆಟ್ ಒಡೆಯುವುದು, ಮತ್ತು ಅದೇ ಡಬ್ಬದ ತಳದಲ್ಲಿ ಉಳಿಯುವುದು.

ಹಂತ 4: ಡಬ್ಬ, ಅಟ್ಟ, ಹಿತ್ತಲು ನೋಡಿ. ಆಮೇಲೆ ಪಟ್ಟಿ ಮಾಡಿ

ಮನೆಯಲ್ಲಿ ಏನಿದೆ ಅಂತ ಮೊದಲು ತೂಕ ಮಾಡಿ ಬರೆಯಿರಿ. ಉದ್ದು, ಎಳ್ಳು, ಬೆಲ್ಲ, ಕೊಬ್ಬರಿ. ಮಳೆಗಾಲದಲ್ಲಿ ಎಳ್ಳಿಗೂ ಕೊಬ್ಬರಿಗೂ ಕಮಟು ವಾಸನೆ ಬಂದಿರುತ್ತದೆ, ಮೂಸಿ ನೋಡಿ. ಕಮಟು ಎಳ್ಳು ಒಂದು ಚಮಚ ಸಾಕು, ಇಡೀ ಡಬ್ಬ ಚಕ್ಕುಲಿ ಕೆಡಲು. ಹಿತ್ತಲಲ್ಲಿ ಅರಿಶಿನ ಎಲೆ, ಬಾಳೆ ಎಲೆ, ಮೊಗೆಕಾಯಿ (ಮಂಗಳೂರು ಸೌತೆ), ತೆಂಗಿನಕಾಯಿ ಎಷ್ಟಿದೆ ನೋಡಿ. ಊರಿನಿಂದ ಕಾಯಿ ಕಳಿಸುವವರಿದ್ದರೆ ಈಗಲೇ ಹೇಳಿ. ಮಂಟಪಕ್ಕೆ ಕಟ್ಟುವ ಫಲಾವಳಿಯಲ್ಲೂ ಅರ್ಧ ಹಿತ್ತಲಲ್ಲೇ ಸಿಗುತ್ತದೆ. ಎಳೆ ಅಡಿಕೆ ಗೊನೆ, ತೆಂಗು, ಹಾಗಲಕಾಯಿ, ಸೌತೆಕಾಯಿ. ಇದನ್ನೆಲ್ಲ ಹಬ್ಬದ ಹಿಂದಿನ ಸಂಜೆ ಪೇಟೆಯಲ್ಲಿ ಕೊಂಡರೆ ಕೇಳಿದ ರೇಟು ಕೊಡಬೇಕು.

ಗ್ಯಾಸ್ ಸಿಲಿಂಡರ್ ಮರೆಯಬೇಡಿ. ಎರಡನೆಯದು ಖಾಲಿ ಇದ್ದರೆ ಮೂರು ವಾರ ಮೊದಲೇ ಬುಕ್ ಮಾಡಿ. ಅರ್ಧ ಕರಿದಾಗ ಗ್ಯಾಸ್ ಮುಗಿದರೆ ಹಿಟ್ಟೂ ಹೋಯಿತು, ಎಣ್ಣೆಯೂ ಹೋಯಿತು.

ಹಂತ 5: ಮೂರು ಸಲ ಮಾತ್ರ ಪೇಟೆ

ಮೊದಲ ಸಲ, ಎರಡು ವಾರ ಮೊದಲು: ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ಎರಡನೇ ಸಲ, ಐದು ದಿನ ಮೊದಲು: ಬೆಣ್ಣೆ, ತುಪ್ಪ, ತೆಂಗಿನಕಾಯಿ. ಮೂರನೆಯದು ಹಿಂದಿನ ದಿನ ಬೆಳಿಗ್ಗೆ: ಹೂ, ಹಣ್ಣು, ತರಕಾರಿ. ಕಾರವಾರದಲ್ಲಿ ಭಾನುವಾರದ ಸಂತೆ, ಶಿರಸಿಯಲ್ಲಿ ಮಂಗಳವಾರದ ಸಂತೆ. ಹಬ್ಬ ಸಂತೆಯ ಮರುದಿನ ಬಂದರೆ ನಿಮ್ಮ ಪುಣ್ಯ. 2026ರ ಚೌತಿ ಸೋಮವಾರ, ಕಾರವಾರದವರಿಗೆ ಅನುಕೂಲ, ಆದರೆ ಬೆಳಿಗ್ಗೆಯೇ ಹೋಗಿ.

ಎಣ್ಣೆ ಪ್ಯಾಕೆಟ್ ಮೇಲೆ ಬೆಲೆ ನೋಡುವ ಮೊದಲು ಗ್ರಾಂ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದಕ್ಕಿಂತ ಕಡಿಮೆ ತೂಕದ ಪ್ಯಾಕೆಟ್ ನೋಡಲು ಅಷ್ಟೇ ದೊಡ್ಡದಾಗಿ ಕಾಣುತ್ತದೆ, "ಹತ್ತು ರೂಪಾಯಿ ಕಡಿಮೆ" ಅಂತ ತಂದರೆ ಮೋಸ ಹೋದ ಹಾಗೇ. ಇನ್ನೊಂದು: ಬೆಣ್ಣೆ, ತುಪ್ಪದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಒಮ್ಮೆ ಕಣ್ಣು ಹಾಯಿಸಿ.

ಹಂತ 6: ಹಿಟ್ಟನ್ನು ಒಂದು ವಾರ ಮೊದಲೇ ಬೀಸಿಸಿ

ಹೆಚ್ಚಿನವರು ಸೋಲುವುದು ಇಲ್ಲೇ. ಹಬ್ಬದ ವಾರ ಗಿರಣಿಯಲ್ಲಿ ಸಾಲು, ಮೇಲಿಂದ ಮಳೆ, ಅದರ ಮೇಲೆ ಕರೆಂಟ್ ಇಲ್ಲ.

ಚಕ್ಕುಲಿಗೆ ಅಕ್ಕಿ ನಾಲ್ಕು ಪಾಲು, ಉದ್ದು ಒಂದು ಪಾಲು. ಅಕ್ಕಿ ತೊಳೆದು ಬಟ್ಟೆ ಮೇಲೆ ಫ್ಯಾನ್ ಕೆಳಗೆ ಹರವಿ ಪೂರ್ತಿ ಒಣಗಿಸಿ. ಬಿಸಿಲು ಕಾಯುತ್ತಾ ಕೂರಬೇಡಿ, ಆಗಸ್ಟಿನಲ್ಲಿ ಬಿಸಿಲು ನಂಬಿದವರು ಕೆಟ್ಟರು. ಒಣಗಿದ ಮೇಲೂ ಬಾಣಲೆಯಲ್ಲಿ ಕೈಗೆ ಬಿಸಿ ತಾಗುವಷ್ಟು ಬೆಚ್ಚಗೆ ಮಾಡಿ. ಉದ್ದಿನ ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬಂದು ತಿಳಿ ಕೆಂಪಾಗುವವರೆಗೆ ಹುರಿಯಿರಿ. ಕಪ್ಪಾದರೆ ಕಹಿ. ಎರಡೂ ತಣ್ಣಗಾದ ಮೇಲೆ ಗಿರಣಿಗೆ. ನಿಮಗಿಂತ ಮೊದಲು ಬೀಸಿದ್ದು ಅಕ್ಕಿಯೋ ಮೆಣಸೋ ಅಂತ ಕೇಳಿ. ಮೆಣಸಾದರೆ ಇನ್ನೊಬ್ಬರಿಗೆ ಜಾಗ ಬಿಟ್ಟು ನಿಂತುಕೊಳ್ಳಿ. ಮನೆಗೆ ಬಂದು ಹಿಟ್ಟನ್ನು ಹರವಿ ಆರಿಸಿ, ಜರಡಿ ಹಿಡಿದು ಡಬ್ಬಕ್ಕೆ ತುಂಬಿ. ಬರೀ ಅಕ್ಕಿ ಹಿಟ್ಟು ಒಂದು ಬಟ್ಟಲು ಬೇರೆ ಇಡಿ, ತಪ್ಪು ತಿದ್ದಲು ಬೇಕಾಗುತ್ತದೆ.

ಹಂತ 7: ಅತ್ರಾಸದ ಹಿಟ್ಟು (ನಾಲ್ಕು ದಿನ ಮೊದಲು)

ಅತ್ರಾಸ ಕರಿಯುವುದು ಕೊನೆಗೆ, ಆದರೆ ಹಿಟ್ಟು ಕಲಸುವುದು ಮೊದಲು. ಅದು ಒಂದು ದಿನವಾದರೂ ಕೂರಬೇಕು. ಇಲ್ಲಿ ಹಿಟ್ಟು ಒಣ ಇರಬಾರದು, ಚಕ್ಕುಲಿಗೆ ಪೂರ್ತಿ ಉಲ್ಟಾ. ಒಂದು ಕೆ.ಜಿ. ದೋಸೆ ಅಕ್ಕಿ ಮೂರು ತಾಸು ನೆನೆಸಿ, ಬಸಿದು, ಬಟ್ಟೆ ಮೇಲೆ ಹರವಿ. ಮುಟ್ಟಿದರೆ ಕೈಗೆ ತಣ್ಣನೆ ಪಸೆ ತಾಗಬೇಕು, ನೀರು ಅಂಟಬಾರದು. ಆಗ ಮಿಕ್ಸಿಯಲ್ಲಿ ಪುಡಿ ಮಾಡಿ ಸಣ್ಣ ಜರಡಿ ಹಿಡಿಯಿರಿ. ಮುಷ್ಟಿಯಲ್ಲಿ ಒತ್ತಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು.

ಬೆಲ್ಲ 700 ಗ್ರಾಂ. ಹೊಸಬರು ಉಂಡೆ ಬೆಲ್ಲದಲ್ಲೇ ಮಾಡಿ. ನಮ್ಮ ಜೋನಿ ಬೆಲ್ಲಕ್ಕೆ (ದ್ರವ ಬೆಲ್ಲ) ದೋಸೆಯೇ ಜೋಡಿ, ಅದರ ನೀರಿನಂಶ ಒಂದೊಂದು ಡಬ್ಬಕ್ಕೆ ಒಂದೊಂದು ರೀತಿ, ಪಾಕ ಹಿಡಿಯುವುದು ಕಷ್ಟ. ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಮರಳು ಸೋಸಿ, ಮತ್ತೆ ಕುದಿಸಿ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆ ಉಂಡೆಯಾಗಬೇಕು. ಹನಿ ಹರಡಿದರೆ ಇನ್ನೂ ಆಗಿಲ್ಲ, ಟಕ್ ಅಂತ ಸದ್ದು ಬಂದರೆ ಹೋಯಿತು. ಈ ಎರಡರ ನಡುವೆ ಒಂದೆರಡು ನಿಮಿಷ ಅಷ್ಟೇ, ಫೋನ್ ಬಂದರೂ ತೆಗೆಯಬೇಡಿ. ಒಲೆ ಆರಿಸಿ, ಏಲಕ್ಕಿ, ಎಳ್ಳು ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಸೌಟಿನಿಂದ ನಿಧಾನಕ್ಕೆ ಜಾರುವ ಹದ ಬಂದ ಕೂಡಲೇ ನಿಲ್ಲಿಸಿ, ಹಿಟ್ಟು ಉಳಿದರೆ ಉಳಿಯಲಿ. ತಣ್ಣಗಾದ ಮೇಲೆ ತಾನೇ ಗಟ್ಟಿಯಾಗುತ್ತದೆ.

ಮಾರನೇ ದಿನ ಒಂದೇ ಒಂದು ಕರಿದು ನೋಡಿ. ಎಣ್ಣೆಯಲ್ಲಿ ಹರಡಿ ಕರಗಿದರೆ ಪಾಕ ಎಳೆಯದು, ಎತ್ತಿಟ್ಟ ಅಕ್ಕಿ ಹಿಟ್ಟು ಒಂದು ಮುಷ್ಟಿ ಸೇರಿಸಿ ನಾದಿ, ಇನ್ನೆರಡು ತಾಸು ಬಿಡಿ. ಕಲ್ಲಿನಂತಾದರೆ ಪಾಕ ಏರಿದೆ, ಬೆಚ್ಚಗಿನ ಹಾಲು ಚಮಚ ಚಮಚ ಚಿಮುಕಿಸಿ ನಾದಿ, ಅಂದೇ ಕರಿದು ಬೇಗ ತಿಂದು ಮುಗಿಸಿ.

ಹಂತ 8: ಚಕ್ಕುಲಿ (ಮೂರು ದಿನ ಮೊದಲು)

ಒಂದೂಕಾಲು ಕೆ.ಜಿ. ಹಿಟ್ಟಿಗೆ ಬೆಣ್ಣೆ 100 ಗ್ರಾಂ. ಉಪ್ಪು, ಎಳ್ಳು, ಜೀರಿಗೆ, ಇಂಗು ನಿಮ್ಮ ರುಚಿಗೆ. ಬೆಣ್ಣೆಯನ್ನು ಒಣ ಹಿಟ್ಟಿಗೆ ಹಾಕಿ ಎರಡೂ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ. ಇದನ್ನು ಬಿಟ್ಟು ನೇರ ನೀರು ಹಾಕುವವರದ್ದೇ ಒಂದು ಚಕ್ಕುಲಿ ಮೆತ್ತಗೆ, ಒಂದು ಗಟ್ಟಿ. ಒಟ್ಟಿಗೆ ಇಡೀ ಹಿಟ್ಟು ಕಲಸಬೇಡಿ. ಕಾಲು ಭಾಗ ಕಲಸಿ, ಒತ್ತಿ, ಕರಿದು, ಆಮೇಲೆ ಮುಂದಿನದು. ಕಲಸಿದ ಹಿಟ್ಟು ಒದ್ದೆ ಬಟ್ಟೆಯ ಕೆಳಗೇ ಇರಲಿ.

ಎಣ್ಣೆ ಕಾದಿದೆಯಾ ನೋಡಲು ಚಿಟಿಕೆ ಹಿಟ್ಟು ಹಾಕಿ. ತಳ ಮುಟ್ಟಿ ಒಂದೆರಡು ಕ್ಷಣದಲ್ಲಿ ಮೇಲೆ ಬಂದರೆ ಸರಿ. ಮಧ್ಯಮ ಉರಿ. ನೊರೆ ಪೂರ್ತಿ ಇಳಿದು ಸದ್ದು ಕಡಿಮೆಯಾದ ಮೇಲೆ ತೆಗೆಯಿರಿ. ಬಣ್ಣ ನೋಡಿ ತೆಗೆದರೆ ಒಳಗೆ ಹಸಿ ಇರುತ್ತದೆ, ಮರುದಿನ ಮೆತ್ತಗೆ.

ಮೊದಲು ಒಂದೇ ಚಕ್ಕುಲಿ ಬಿಟ್ಟು ನೋಡಿ, ಅದು ಏನು ಹೇಳುತ್ತದೆ ಕೇಳಿ:

ಒತ್ತುವಾಗಲೇ ತುಂಡಾದರೆ ನೀರು ಕಡಿಮೆ, ಇಲ್ಲವೇ ಹಿಟ್ಟು ಒಣಗಿದೆ. ಕೈ ಒದ್ದೆ ಮಾಡಿ ನಾದಿ.

ಎಣ್ಣೆಯಲ್ಲಿ ಬಿಚ್ಚಿ ಪುಡಿಯಾದರೆ ಬೆಣ್ಣೆ ಜಾಸ್ತಿ. ಎತ್ತಿಟ್ಟ ಅಕ್ಕಿ ಹಿಟ್ಟು ಸೇರಿಸಿ.

ಕೈಗೆ ಎಣ್ಣೆ ಹತ್ತಿದರೆ ಎಣ್ಣೆ ಕಾದಿಲ್ಲ ಅಥವಾ ಹಿಟ್ಟು ತೆಳುವಾಗಿದೆ. ದುಡ್ಡು ಸೋರುವುದು ಇಲ್ಲೇ ನೋಡಿ. ನಾನು ಬಾಣಲೆಗೆ ಹಾಕುವ ಮೊದಲು ಎಣ್ಣೆ ತೂಕ ಮಾಡುತ್ತೇನೆ, ಮುಗಿದ ಮೇಲೆ ಮತ್ತೆ. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಅದೇ ಹಿಟ್ಟಿಗೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಹಲ್ಲಿಗೆ ಗಟ್ಟಿಯಾದರೆ ಬೆಣ್ಣೆ ಸಾಲದು. ಬೆಣ್ಣೆಯನ್ನು ಕರಗಿಸಿ ಒಂದು ಚಮಚ ಸೇರಿಸಿ.

ಎಣ್ಣೆಯಲ್ಲಿ ಸಿಡಿದರೆ ಹುಡುಗಾಟ ಬೇಡ. ಒರಳಿಗೆ ಹಿಟ್ಟು ತುಂಬುವಾಗ ಗಾಳಿ ಸೇರಿದೆ. ಉರಿ ಸಣ್ಣ ಮಾಡಿ ದೂರ ನಿಲ್ಲಿ, ಮುಂದಿನ ಸಲ ಒತ್ತಿ ತುಂಬಿ. ಮಕ್ಕಳನ್ನು ಹೊರಗೆ ಕಳಿಸಿ. ಎಣ್ಣೆಗೇ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ದೊಡ್ಡ ತಟ್ಟೆ ಮುಚ್ಚಿ. ನೀರು ಹಾಕಲೇಬಾರದು.

ಹಂತ 9: ಕರಿಯುವ ಸಾಲು ತಪ್ಪಿಸಬೇಡಿ

ಚಕ್ಕುಲಿ ಮೊದಲು, ಕರ್ಜಿಕಾಯಿ ಇದ್ದರೆ ಆಮೇಲೆ, ಅತ್ರಾಸ ಕಟ್ಟಕಡೆಗೆ. ಬೆಲ್ಲ ಎಣ್ಣೆಗೆ ಇಳಿದು ಕಪ್ಪಾಗುತ್ತದೆ. ಅತ್ರಾಸ ಮೊದಲು ಮಾಡಿದವರು ಚಕ್ಕುಲಿಗೆ ಹೊಸ ಎಣ್ಣೆ ಸುರಿಯಬೇಕಾಗುತ್ತದೆ, ಒಂದು ಲೀಟರ್ ದಂಡ. ಕರ್ಜಿಕಾಯಿ ಬಾಯಿ ಬಿಟ್ಟರೂ ಅದೇ ಕಥೆ, ಅಂಚಿಗೆ ನೀರು ಸವರಿ ಗಟ್ಟಿ ಒತ್ತಿ. ನಡುವೆ ಒಮ್ಮೆ ಎಣ್ಣೆ ಸೋಸಿ, ತಳದ ಎಳ್ಳು ಸುಟ್ಟು ಕಹಿಯಾಗುತ್ತದೆ. ಅತ್ರಾಸವನ್ನು ಸಣ್ಣ ಉರಿಯಲ್ಲಿ ಕರಿದು, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಹಿಂಡಿ.

ಉಳಿದ ಎಣ್ಣೆ ಸೋಸಿ ಒಗ್ಗರಣೆಗೆ ಬಳಸಿ, ಬೇಗ ಮುಗಿಸಿ. ಬೇಗ ಹೊಗೆ ಬಂದರೆ, ಅಂಟಂಟಾದರೆ, ನೊರೆ ಇಳಿಯದೇ ಇದ್ದರೆ ಚೆಲ್ಲಿ. ದೀಪಾವಳಿಗೆ ಅಂತ ಎತ್ತಿಡುವುದು ಉಳಿತಾಯ ಅಲ್ಲ.

ಹಂತ 10: ಡಬ್ಬಕ್ಕೆ ತುಂಬುವುದು

ನ್ಯೂಸ್ ಪೇಪರ್ ಮೇಲೆ ಹರವಬೇಡಿ, ಮಸಿ ಎಣ್ಣೆಗೆ ಹತ್ತುತ್ತದೆ. ಹತ್ತಿ ಬಟ್ಟೆ ಸಾಕು. ಪೂರ್ತಿ ತಣ್ಣಗಾಗಬೇಕು, ಆದರೆ ಕಾರವಾರದ ಮಳೆಗಾಲದಲ್ಲಿ ತಣ್ಣಗಾದ ಚಕ್ಕುಲಿ ಹೊರಗೇ ಇದ್ದರೆ ನೋಡನೋಡುತ್ತ ಮೆತ್ತಗಾಗುತ್ತದೆ. ಹಾಗಾಗಿ ತಾಸಿಗೊಮ್ಮೆ ತುಂಬುತ್ತಾ ಹೋಗಿ. ಒಂದು ದೊಡ್ಡ ಡಬ್ಬದ ಬದಲು ಮೂರು ಸಣ್ಣ ಡಬ್ಬ. ಮೊದಲನೆಯದು ಹಬ್ಬಕ್ಕೆ ಮೊದಲೇ ಖಾಲಿಯಾಗುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗಿಲ್ಲ.

ಬಸ್ಸಿನಲ್ಲಿ ಕಳಿಸುವುದಾದರೆ ಚಕ್ಕುಲಿಯನ್ನು ನಿಲ್ಲಿಸಿ ಜೋಡಿಸಿ, ಖಾಲಿ ಜಾಗಕ್ಕೆ ಬಟ್ಟೆ ತುರುಕಿ. ಮಲಗಿಸಿ ಜೋಡಿಸಿದ್ದು ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಪುಡಿ.

ಹಂತ 11: ಹಬ್ಬದ ದಿನದ ಅಡುಗೆ

ಹಸಿ ಕಾಯಿ ಬೀಳುವ ಎಲ್ಲವೂ ಇವತ್ತಿನದೇ. ಪಂಚಕಜ್ಜಾಯಕ್ಕೆ ಕಡಲೆ ಹುರಿದು ಪುಡಿ ಮಾಡಿದ್ದು ಹಿಂದಿನ ದಿನವೇ ಇರಲಿ, ಬೆಲ್ಲ, ಕಾಯಿತುರಿ ಬೆಳಿಗ್ಗೆ ಸೇರಿಸಿ. ಸಂಜೆಗೆ ಉಳಿಯುತ್ತದೆ ಅನಿಸಿದರೆ ಅರ್ಧಕ್ಕೆ ಕೊಬ್ಬರಿ ಹಾಕಿ. ಕಡುಬಿನ ಹೂರಣ ನೀರು ಬಿಟ್ಟರೆ ಅರಿಶಿನ ಎಲೆ ಒಳಗೇ ಒಡೆಯುತ್ತದೆ, ಒಲೆ ಮೇಲೆ ಸ್ವಲ್ಪ ಒಣಗಿಸಿ. ಮೊಗೆಕಾಯಿ ಹುಳಿ, ಒಂದು ಪಲ್ಯ, ಒಂದು ತಂಬುಳಿ. ಇಷ್ಟೆಲ್ಲ ಕರಿದ ಮೇಲೆ ಹಪ್ಪಳಕ್ಕೂ ಬಾಣಲೆ ಇಡುವುದು ಬೇಕಾ ನೀವೇ ಯೋಚಿಸಿ.

ಹಂತ 12: ಲೆಕ್ಕ ಮೂರು ದಿನದೊಳಗೆ

ವಾರ ಬಿಟ್ಟರೆ ಮರೆತುಹೋಗುತ್ತದೆ. ಬಿಲ್ಲು, ಚೀಟಿ, ಫೋನಿನಲ್ಲಿ ಹೋದ ದುಡ್ಡು, ಎಲ್ಲ ಕೂಡಿಸಿ ಪಟ್ಟಿಯ ಪಕ್ಕ ಬರೆಯಿರಿ. ಎಲ್ಲಿ ಮೀರಿತು, ಅಲ್ಲಿ ಕಾರಣ ಒಂದು ಸಾಲು. ಮೀನು ತಿನ್ನುವ ಮನೆಯವರು ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನದ ಮೀನನ್ನೂ ಇದರಲ್ಲೇ ಸೇರಿಸಿ, ಅಷ್ಟು ದಿನದ ಉಪವಾಸದ ಸಿಟ್ಟು ಆ ಒಂದೇ ಬಿಲ್ಲಿನಲ್ಲಿ ಇರುತ್ತದೆ. ಡಬ್ಬದಲ್ಲಿ ದುಡ್ಡು ಉಳಿದಿದ್ದರೆ ಮನೆ ಖರ್ಚಿಗೆ ತೆಗೆಯದೆ ದೀಪಾವಳಿಯ ಸಾಲಿಗೆ ಬಿಡಿ.

ಹದಿನೈದು ದಿನ ಆದ ಮೇಲೆ ಇನ್ನೊಮ್ಮೆ ತಿಂಡಿ ಡಬ್ಬ ತೆರೆದು ಉಳಿದದ್ದನ್ನು ಎಣಿಸಿ, ಅದೇ ಪುಟದಲ್ಲಿ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಹೋದ ವರ್ಷದ್ದು ಹೀಗಿದೆ: "ಚಕ್ಕುಲಿ 0, ಅತ್ರಾಸ 11, ಮೆತ್ತಗಾದ ಶಂಕರಪೋಳಿ ಅರ್ಧ ಡಬ್ಬ, ಬೇಡ ಅಂದರೂ ಮಾಡಿದ್ದು."